ಚೀಟಿಗಳಲ್ಲಿ ಬಂದ ಪ್ರಶ್ನೆಗಳು

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೋಳಿಗೆ ಊಟಕ್ಕೂ ಮಕ್ಕಳ ನೃತ್ಯಕ್ಕೂ ನಡುವೆ ಇಂಥ ವಿಷಯವೇ ಎಂದು ಕೆಲವರ ಹುಬ್ಬು ಮೇಲೇರಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ತಪ್ಪು ನನ್ನದಲ್ಲ, ನಿಮ್ಮ ಮಕ್ಕಳದು. ಇಲ್ಲಿ ಸಿಡ್ನಿಯಲ್ಲಿ, ಆಮೇಲೆ ಮೆಲ್ಬರ್ನಿನ ಮಿತ್ರರ ಕೂಟದಲ್ಲಿ, ಹದಿಹರೆಯದವರ ಮುಂದೆ ಒಂದು ಡಬ್ಬ ಇಟ್ಟು, ಬೆಳೆಯುವ ದೇಹದ ಬಗ್ಗೆ ಏನು ಬೇಕಾದರೂ ಕೇಳಿ, ಹೆಸರು ಬರೆಯಬೇಡಿ ಎಂದಿದ್ದೆವು. ಎರಡು ಕಡೆಯೂ ಡಬ್ಬ ತುಂಬಿತು. ಒಂದು ಚೀಟಿಯೂ ಕನ್ನಡದಲ್ಲಿರಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳಿಗೂ ಇದಕ್ಕೆ ಬೇಕಾದ ಪದಗಳು ಗೊತ್ತಿಲ್ಲ. ನಾವು ಹೇಳಿಕೊಟ್ಟಿದ್ದರಲ್ಲವೆ ಗೊತ್ತಾಗುವುದು?

ನಮ್ಮೂರುಗಳಲ್ಲಿ ಹುಡುಗಿ ಮೈನೆರೆದರೆ ಚಿಗಳಿ ಕುಟ್ಟುತ್ತಿದ್ದರು, ಆರತಿ ಎತ್ತಿ ಸೋಬಾನೆ ಹಾಡುತ್ತಿದ್ದರು. ಮೂಲೆಯಲ್ಲಿ ಕೂರಿಸುವುದೂ ಇತ್ತು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಿವಿಯಲ್ಲಿ ನಾಲ್ಕು ಮಾತು ಹೇಳಲು ಅಜ್ಜಿಯೋ ಸೋದರತ್ತೆಯೋ ಪಕ್ಕದಲ್ಲಿರುತ್ತಿದ್ದರು. ಪ್ಯಾರಾಮ್ಯಾಟಾದ ಮನೆಗೆ ಅಜ್ಜಿ ಬರುವುದು ವೀಸಾದ ಮೇಲೆ, ಕೆಲವೇ ತಿಂಗಳಿಗೆ. ಗಂಡುಹುಡುಗರಿಗಂತೂ ಅಂದೂ ಯಾರೂ ಏನೂ ಹೇಳಿದವರಲ್ಲ. ಡಾ. ಅನುಪಮಾ ನಿರಂಜನ ಅವರು ಧೈರ್ಯಮಾಡಿ 'ವಧುವಿಗೆ ಕಿವಿಮಾತು' ಬರೆದರು. ಆದರೆ ನಮ್ಮ ಮಕ್ಕಳು ಹನ್ನೆರಡಕ್ಕೇ ಕೇಳುತ್ತಿದ್ದಾರೆ, ವಧುವಾಗುವವರೆಗೆ ಕಾಯುವಂತಿಲ್ಲ.

ಹುಡುಗಿಯರ ಚೀಟಿಗಳಲ್ಲಿ ಹೆಚ್ಚು ಬಂದದ್ದು ಈಜಿನ ಪ್ರಶ್ನೆ. ಮುಟ್ಟಿನ ದಿನ ಶಾಲೆಯ ಈಜು ಸ್ಪರ್ಧೆ ಬಂದರೆ? ಟ್ಯಾಂಪನ್ ಬಳಸಿ ಧಾರಾಳವಾಗಿ ಈಜಬಹುದು. ಅದರಿಂದ ಕನ್ಯತ್ವ ಹೋಗುತ್ತದೆಂಬುದು ತಾಯಂದಿರ ಭಯವೇ ಹೊರತು ಸತ್ಯವಲ್ಲ. ಎರಡು ತಿಂಗಳಿಂದ ಮುಟ್ಟಾಗಿಲ್ಲ ಎಂದು ಒಬ್ಬಳು ಬರೆದಿದ್ದಾಳೆ. ಮೊದಲ ಎರಡು ವರ್ಷ ಹೀಗೆ ಏರುಪೇರಾಗುವುದು ಸಹಜ. ಮೂರು ತಿಂಗಳು ದಾಟಿದರೆ, ಹದಿನೈದು ತುಂಬಿದರೂ ಮೊದಲ ಮುಟ್ಟೇ ಆಗದಿದ್ದರೆ, ಇಲ್ಲವೆ ನೋವಿನಿಂದ ಶಾಲೆ ತಪ್ಪುತ್ತಿದ್ದರೆ, ವೈದ್ಯರಿಗೆ ತೋರಿಸಿ. "ಹೆಣ್ಣಾದ ಮೇಲೆ ಸಹಿಸಬೇಕು" ಎಂಬ ಉಪದೇಶ ಬೇಡ.

ಇನ್ನೊಂದು ಚೀಟಿ: "ಅಮ್ಮ ನನ್ನನ್ನು ಹೆಲೆನ್ಸ್‌ಬರ್ಗ್ ದೇವಸ್ಥಾನಕ್ಕೆ ಕರೆದೊಯ್ಯಲಿಲ್ಲ. ನಾನು ಕೊಳಕೆ?" ಹೋಗುವುದು ಬಿಡುವುದು ನಿಮ್ಮ ಮನೆಯ ನಂಬಿಕೆ, ನಾನು ತಲೆಹಾಕುವುದಿಲ್ಲ. ಆದರೆ ಮಗುವಿಗೆಂದು ಸಿದ್ಧಪಡಿಸಿದ ಹಾಸಿಗೆಯನ್ನು, ಈ ತಿಂಗಳು ಬೇಡವೆಂದು ಗರ್ಭಕೋಶ ತೆಗೆದುಹಾಕುತ್ತದೆ, ಇದರಲ್ಲಿ ಕೊಳಕೇನು ಬಂತು? ಯಾರನ್ನೂ ಮುಟ್ಟಬಾರದ ದಿನಗಳಿಗೆ 'ಮುಟ್ಟು' ಎಂದು ಹೆಸರಿಟ್ಟ ಭಾಷೆ ನಮ್ಮದು, ಇರಲಿ.

ಹುಡುಗರ ಚೀಟಿಗಳು ಕಡಿಮೆ, ಆದರೆ ಓದಿ ನನಗೆ ಹೆಚ್ಚು ಸಂಕಟವಾಯಿತು. ಒಬ್ಬನಿಗೆ ಎದೆ ಸ್ವಲ್ಪ ಊದಿದೆ. ಇಡೀ ಬೇಸಿಗೆ ಅಂಗಿ ಬಿಚ್ಚಿಲ್ಲ, ಬೀಚಿಗೆ ಹೋಗಿಲ್ಲ. ಸುಮಾರು ಅರ್ಧದಷ್ಟು ಹುಡುಗರಿಗೆ ಈ ವಯಸ್ಸಿನಲ್ಲಿ ಹೀಗಾಗುತ್ತದೆ, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಅವನ ತಂದೆ ಈ ಸಭೆಯಲ್ಲಿದ್ದರೆ ಇಂದೇ ಹೇಳಲಿ. ನಿದ್ರೆಯಲ್ಲಿ ವೀರ್ಯ ಹೋಗುವುದೂ ರೋಗವಲ್ಲ, ಬಲವೇನೂ ಕುಂದುವುದಿಲ್ಲ. 'ಧಾತು ನಷ್ಟ'ದ ಗೋಡೆಬರಹಗಳನ್ನು ನೋಡಿ ಬೆಳೆದ ನಾವು ಆ ಹೆದರಿಕೆಯನ್ನು ವಿಮಾನದಲ್ಲಿ ತರಬೇಕಾಗಿರಲಿಲ್ಲ. ಆದರೆ ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ ನಾಚಿಕೊಂಡು ಬೆಳಗಾಗಲೆಂದು ಕಾಯಬಾರದು. ಅದು ತಿರುಚಿಕೊಂಡಿದ್ದರೆ ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ತಡವಾದರೆ ವೃಷಣವೇ ಉಳಿಯದೆ ಹೋಗಬಹುದು. ಆ ಭಾಗದ ಹೆಸರನ್ನೇ ಮನೆಯಲ್ಲಿ ಎತ್ತದ ಹುಡುಗ ಮಧ್ಯರಾತ್ರಿ ನಿಮ್ಮನ್ನು ಎಬ್ಬಿಸುತ್ತಾನೆಯೆ?

ಕೊನೆಯದಾಗಿ ಒಂದು ಅರ್ಜಿಯ ವಿಷಯ. ಏಳನೆಯ ತರಗತಿಯಲ್ಲಿ ಎಚ್.ಪಿ.ವಿ. ಲಸಿಕೆಗೆ ಶಾಲೆ ನಿಮ್ಮ ಒಪ್ಪಿಗೆ ಕೇಳುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದು ಓದಿದೊಡನೆ "ನಮ್ಮ ಹುಡುಗಿಗೆ ಇದೇಕೆ" ಎಂದು ಕೆಲವರು ಅದನ್ನು ಬದಿಗಿಡುತ್ತಾರೆ. ಆ ವೈರಸ್ಸೇ ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣ, ಮತ್ತು ಭಾರತದ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚಾಗಿ ಕಾಣುವುದು ಇದೇ. ಈ ಲಸಿಕೆಗೆ ಬುನಾದಿ ಹಾಕಿದವರು ಬ್ರಿಸ್ಬೇನಿನ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಇಯಾನ್ ಫ್ರೇಜರ್ ಮತ್ತು ಜಿಯಾನ್ ಜೋ. ಜೋ 1999ರಲ್ಲಿ, ಲಸಿಕೆ ಬಳಕೆಗೆ ಬರುವ ಮೊದಲೇ ತೀರಿಕೊಂಡರು. 2007ರಿಂದ ಹುಡುಗಿಯರಿಗೆ, 2013ರಿಂದ ಹುಡುಗರಿಗೆ ಇದು ಇಲ್ಲಿ ಉಚಿತ. 2023ರಿಂದ ಬಹುಪಾಲು ಮಕ್ಕಳಿಗೆ ಒಂದೇ ಚುಚ್ಚುಮದ್ದು ಸಾಕು. ಗಂಟಲಿನ ಕೆಲವು ಕ್ಯಾನ್ಸರುಗಳೂ ಇದೇ ವೈರಸ್ಸಿನಿಂದ ಬರುವುದರಿಂದ ಹುಡುಗರಿಗೂ ಬೇಕು. ವೈರಸ್ ತಗಲುವ ಮುಂಚೆ ಕೊಟ್ಟರೆ ಮಾತ್ರ ಪೂರ್ಣ ಫಲ, ಅದಕ್ಕೇ ಈ ವಯಸ್ಸು. ಲಸಿಕೆ ಹಾಕಿಸಿದರೆ ಮಕ್ಕಳು ಕೆಡುತ್ತಾರೆಂಬ ಭಯಕ್ಕೆ ಯಾವ ಆಧಾರವೂ ಇಲ್ಲ. ಆಗ ತಪ್ಪಿದ್ದರೂ ಇಪ್ಪತ್ತೈದರವರೆಗೆ ಉಚಿತವಾಗಿ ಹಾಕುತ್ತಾರೆ. ವಿಶ್ವವಿದ್ಯಾಲಯಕ್ಕೆ ಹೋಗುತ್ತಿರುವ ಮಕ್ಕಳಿದ್ದರೆ ವಿಚಾರಿಸಿ.

ನಿಮ್ಮನ್ನು ಕೇಳಲಾರದ ಮಕ್ಕಳಿಗೆ ಕಿಡ್ಸ್ ಹೆಲ್ಪ್‌ಲೈನ್ ಇದೆ: 1800 55 1800, ಹಗಲೂ ರಾತ್ರಿಯೂ. ಡಬ್ಬದಲ್ಲಿ ಇನ್ನೂ ಹದಿನಾಲ್ಕು ಚೀಟಿ ಉಳಿದಿವೆ. ಊಟವಾದ ಮೇಲೆ ನಾನು ಹಿಂದಿನ ಕೋಣೆಯಲ್ಲಿರುತ್ತೇನೆ, ತಂದೆಯರೂ ಬರಬಹುದು.