ಕರುಳಿನ ಗೋಡೆಯ ಸಕ್ಕರೆ ಸರಪಳಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಆರಿಸಿಕೊಂಡಿರುವುದು ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಅದರಲ್ಲಿ ಕೆಲವು ಕಿಣ್ವಗಳ ಪಾತ್ರ.

ಜೀವಕೋಶದ ಪಾಠದಲ್ಲಿ ನೀವೆಲ್ಲ ಗಾಲ್ಗಿ ಸಂಕೀರ್ಣದ ಚಿತ್ರ ಬರೆದಿರುತ್ತೀರಿ. ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿ ಜೋಡಿಸುವ ಕೆಲಸ ಬಹುಪಾಲು ನಡೆಯುವುದು ಅಲ್ಲಿಯೇ. ಜೋಡಿಸುವವು ಗ್ಲೈಕೋಸಿಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವಗಳು. ಇದು ನಾವು ಚಹಾಕ್ಕೆ ಹಾಕುವ ಸಕ್ಕರೆಯಲ್ಲ. ಗ್ಯಾಲಕ್ಟೋಸ್, ಫ್ಯೂಕೋಸ್, ಸಿಯಾಲಿಕ್ ಆಮ್ಲದಂಥವು.

ಪ್ರೋಟೀನಿನ ರಚನೆ ಡಿಎನ್ಎಯಲ್ಲಿ ಅಕ್ಷರ ಅಕ್ಷರವಾಗಿ ಬರೆದಿರುತ್ತದೆ. ಸಕ್ಕರೆ ಸರಪಳಿಗೆ ಅಂಥ ಬರಹವಿಲ್ಲ. ಯಾವ ಕಿಣ್ವ ಎಷ್ಟಿದೆ, ಯಾವುದು ಮೊದಲು ಕೈ ಹಾಕಿತು ಎಂಬುದರ ಮೇಲೆ ಸರಪಳಿಯ ಆಕಾರ ನಿಲ್ಲುತ್ತದೆ. ಪ್ರೋಗ್ರಾಮ್ ಬರೆಯುವ ನನಗೆ ಇದೇ ದೊಡ್ಡ ಬೆರಗು. ಒಬ್ಬ ಕೆಲಸಗಾರ ಗೈರಾದರೆ ಇಡೀ ಮಾಲು ಬೇರೆ ರೂಪದಲ್ಲಿ ಹೊರಬೀಳುತ್ತದೆ.

ಕರುಳಿನ ಒಳಗೋಡೆಯ ಮೇಲೆ ಲೋಳೆಯ ಹೊದಿಕೆಯಿದೆ. ಮ್ಯೂಸಿನ್ ಎಂಬ ಪ್ರೋಟೀನಿಗೆ ಉದ್ದುದ್ದ ಸಕ್ಕರೆ ಸರಪಳಿಗಳು ಸೇರಿ ಅದು ಆಗಿದೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳನ್ನು ಗೋಡೆಯಿಂದ ದೂರ ಇಡುವುದು ಆ ಹೊದಿಕೆಯೇ. ಈ ಸರಪಳಿಗಳ ಒಂದು ಮುಖ್ಯ ಬಗೆಯನ್ನು ಕಟ್ಟುವ ಕಿಣ್ವ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಕಡಿಮೆಯಾಗಿರುತ್ತದೆ. ಅದೇ ಕಿಣ್ವವಿಲ್ಲದ ಇಲಿಗಳ ಕರುಳಲ್ಲಿ ಲೋಳೆ ತೆಳುವಾಗಿ, ಉರಿಯೂತವೂ ಗಡ್ಡೆಗಳೂ ಸುಲಭವಾಗಿ ಬಂದವೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇನ್ನು ಕೆಲವು ಕಿಣ್ವಗಳು ಕ್ಯಾನ್ಸರಿನಲ್ಲಿ ಅತಿಯಾಗಿ ದುಡಿಯುತ್ತವೆ. ಅವು ಕಟ್ಟುವ ಕೆಲವು ಸರಪಳಿಗಳನ್ನು ಹಿಡಿದುಕೊಂಡು ಕ್ಯಾನ್ಸರ್ ಕೋಶ ರಕ್ತನಾಳದ ಗೋಡೆಗೆ ಅಂಟಿ, ಬೇರೆ ಅಂಗಕ್ಕೆ ದಾಟಬಲ್ಲದು.

ಈ ಕಥೆಯಲ್ಲಿ ನಮ್ಮ ಹಲಸಿಗೂ ಪಾಲಿದೆ. ಕ್ಯಾನ್ಸರ್ ಕೋಶದಲ್ಲಿ ಸರಪಳಿ ಅರ್ಧಕ್ಕೇ ನಿಂತಾಗ ಅದರ ಮೋಟು ಬುಡ ಹೊರಗೆ ಕಾಣುತ್ತದೆ. ಹಲಸಿನ ಬೀಜದಲ್ಲಿರುವ ಜಾಕಲಿನ್ ಎಂಬ ಪ್ರೋಟೀನ್ ಆ ಬುಡವನ್ನು ಗುರುತಿಸಿ ಹಿಡಿಯುತ್ತದೆ. ಜಾಕಲಿನ್‌ನ ರಚನೆಯನ್ನು 1996ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಸಂಗಡಿಗರು. ಇದು ಪ್ರಯೋಗಾಲಯದ ಸಾಧನ. ಹಲಸಿನ ಬೀಜ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ವಾಟ್ಸಾಪ್ ಸಂದೇಶ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಇದನ್ನೆಲ್ಲ ನಾನು ಓದಿದ್ದು ನಮ್ಮ ದೊಡ್ಡಪ್ಪನ ಕಾಯಿಲೆಯಿಂದ. ಮಲದಲ್ಲಿ ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿ ಎಂದುಕೊಂಡು, ನಾಚಿಕೆಯಿಂದ ಎಂಟು ತಿಂಗಳು ದೊಡ್ಡಮ್ಮನಿಗೂ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ಕೆಲವು ತಿಂಗಳಿಗೊಮ್ಮೆ ರಕ್ತದಲ್ಲಿ ಸಿಇಎ ಪರೀಕ್ಷೆ ಮಾಡಿಸುತ್ತಿದ್ದರು. ಸಿಇಎಯನ್ನು 1965ರಲ್ಲಿ ಕಂಡುಹಿಡಿದವರು ಕೆನಡಾದ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್. ಅದರ ತೂಕದಲ್ಲಿ ಸುಮಾರು ಅರ್ಧ ಸಕ್ಕರೆ ಸರಪಳಿಯೇ.

ಆದರೆ ಈ ಪರೀಕ್ಷೆಗಳಿಗೆ ಮಿತಿಯಿದೆ. ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ಏರಬಹುದು. ಆರಂಭದ ಕ್ಯಾನ್ಸರಿನಲ್ಲಿ ಏರದೆಯೂ ಇರಬಹುದು. ಸಿಎ 19-9 ಎಂಬ ಇನ್ನೊಂದು ಗುರುತು ಸ್ವತಃ ಒಂದು ಸಕ್ಕರೆ ಸರಪಳಿ. ಅದಕ್ಕೆ ಫ್ಯೂಕೋಸ್ ಜೋಡಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಅಂಥವರಿಗೆ ಕ್ಯಾನ್ಸರ್ ಎಷ್ಟೇ ಬೆಳೆದರೂ ವರದಿ 'ನಾರ್ಮಲ್' ಎಂದೇ ಬರಬಹುದು. ಆದ್ದರಿಂದ ಒಂದು ರಕ್ತಪರೀಕ್ಷೆ ನೋಡಿ ಹೆದರುವುದೂ ಬೇಡ, ನಿಶ್ಚಿಂತೆಯಾಗುವುದೂ ಬೇಡ.

ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹಲವು ವರ್ಷ ಬೇಕು. ಅಷ್ಟರಲ್ಲಿ ಕೊಲೊನೋಸ್ಕೋಪಿಯಲ್ಲಿ ಸಿಕ್ಕರೆ ಅದನ್ನು ತೆಗೆದುಹಾಕಬಹುದು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ ಕಂಡರೆ ವೈದ್ಯರಿಗೆ ತೋರಿಸಿ. ಮಕ್ಕಳೇ, ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿಗೆ ಇಷ್ಟನ್ನು ಹೇಳಿ. ಹೊಟ್ಟೆಯ ಮಾತು ಆಡಲು ನಾಚಿಕೆ ಬೇಡ ಎಂದೂ ಹೇಳಿ.

ನಿಮ್ಮಲ್ಲಿ ಯಾರಾದರೂ ಮುಂದೆ ಈ ಸರಪಳಿಗಳನ್ನು ಓದುವ ವಿಜ್ಞಾನಿಯಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.