ಗುಳಿಗೆಯ ಪ್ರಶ್ನೆಗೆ ಏನು ಉತ್ತರಿಸಬೇಕು?

(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ಚಾಲನಾ ತರಬೇತಿ ಶುರುವಾದ ಮೇಲೆ ನಮ್ಮ ಭಾಗದ ಮಕ್ಕಳೂ ಪೈಲಟ್ ಆಗುವ ಮಾತಾಡುತ್ತಿದ್ದಾರೆ. ಸಂತೋಷದ ಸಂಗತಿ. ಶುಲ್ಕ, ಸಾಲದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂಡಲಗಿಯ ತಾಯಿಯೊಬ್ಬರು ಕೇಳಿದ್ದು ಬೇರೆ: “ಸರ್, ಮಗಾ ಹಿಂದ ಟಿ.ಬಿ. ಆಗಿ ಆರು ತಿಂಗಳ ಗುಳಿಗಿ ನುಂಗ್ಯಾನ. ಮೆಡಿಕಲ್‌ನ್ಯಾಗ ಹೇಳಬೇಕೋ ಬ್ಯಾಡೋ?”

ಹೇಳಲೇಬೇಕು. ಏಕೆಂದು ವಿವರಿಸುತ್ತೇನೆ.

ಪೈಲಟ್ ಆಗಬಯಸುವವರು ಮೊದಲು ಡಿಜಿಸಿಎ ನಿಯಮದಂತೆ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ, ವಾಣಿಜ್ಯ ಲೈಸೆನ್ಸಿಗೆ ಮೊದಲನೇ ದರ್ಜೆಯ ಪರೀಕ್ಷೆ ಪಾಸಾಗಬೇಕು. 1957ರಲ್ಲಿ ಆರಂಭವಾದ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೂ ಈ ಪರೀಕ್ಷೆ ನಡೆಯುತ್ತದೆ. ಅರ್ಜಿಯಲ್ಲಿ ಹಿಂದಿನ ಕಾಯಿಲೆ, ಶಸ್ತ್ರಚಿಕಿತ್ಸೆ, ಈಗಿನ ಔಷಧಿ ಎಲ್ಲವನ್ನೂ ಕೇಳಿ, ಇದು ಸತ್ಯವೆಂದು ಸಹಿ ಹಾಕಿಸಿಕೊಳ್ಳುತ್ತಾರೆ.

ಟಿ.ಬಿ. ವಾಸಿಯಾದರೂ ಪುಪ್ಪುಸದ ಕಲೆ ಎಕ್ಸ್‌ರೇಯಲ್ಲಿ ಉಳಿಯಬಹುದು. ಚಿಕಿತ್ಸೆ ಮುಗಿಸಿದ ಕಾಗದ ಕೈಯಲ್ಲಿದ್ದರೆ ವೈದ್ಯರು ಪರಿಶೀಲಿಸುತ್ತಾರೆ. ಮುಚ್ಚಿಟ್ಟ ಮೇಲೆ ಕಲೆ ಕಂಡರೆ ನಿಮ್ಮ ಯಾವ ಮಾತನ್ನು ಅವರು ನಂಬಬೇಕು? ಅಲ್ಲದೆ ಟಿ.ಬಿ.ಗೆ ಕೊಡುವ ಎಥಾಂಬ್ಯುಟಾಲ್ ಕೆಲವರಲ್ಲಿ ಕಣ್ಣಿನ ನರಕ್ಕೆ ತೊಂದರೆ ಮಾಡಿ, ಕೆಂಪು-ಹಸಿರು ಗುರುತಿಸುವುದನ್ನು ಕೆಡಿಸುತ್ತದೆ. ಪೈಲಟ್‌ಗೆ ಬಣ್ಣದ ದೀಪಗಳೇ ದಾರಿ.

ಇನ್ನು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ತರುವ ಗುಳಿಗೆಗಳು. ಇವನ್ನು ನಾವು ಔಷಧಿ ಎಂದೇ ಎಣಿಸುವುದಿಲ್ಲ! ನೆಗಡಿ, ತುರಿಕೆಗೆ ನುಂಗುವ ಅವಿಲ್ ನಿದ್ದೆ ತರುತ್ತದೆ. ಅದನ್ನೂ ಬರೆಯಿರಿ. ಮದ್ಯ ಮುಟ್ಟುವವರಲ್ಲ ಎಂದು ನಿಶ್ಚಿಂತರಾಗಿರುವ ನಮ್ಮ ಹುಡುಗರು ಇದನ್ನೂ ಕೇಳಬೇಕು: ಹೋಮಿಯೋಪಥಿ ಹನಿಗಳಲ್ಲಿ, ಆಯುರ್ವೇದದ ಅರಿಷ್ಟಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಆಲ್ಕೋಹಾಲ್ ಇರುವ ಔಷಧಿ, ಬಾಯಿ ಮುಕ್ಕಳಿಸುವ ದ್ರವ ಸಹ ವಿಮಾನ ಸಿಬ್ಬಂದಿಗೆ ಕೂಡದೆಂದು ಡಿಜಿಸಿಎ 2023ರಲ್ಲಿ ಸ್ಪಷ್ಟಪಡಿಸಿತು.

ಮೂರ್ಛೆರೋಗದ ಗುಳಿಗೆ ನುಂಗುವವರಿಗೆ ಈ ಹುದ್ದೆಯ ಬಾಗಿಲು ಸಾಮಾನ್ಯವಾಗಿ ಮುಚ್ಚಿದೆ. ಕಹಿಯಾದರೂ ಹೇಳಬೇಕಾದ ಮಾತು. ಪರೀಕ್ಷೆಗೆಂದು ಯಾರೂ ಗುಳಿಗೆ ನಿಲ್ಲಿಸಬೇಡಿ. ಮೂರ್ಛೆ ಮರಳಿ ಬಂದು ಜೀವಕ್ಕೇ ಕುತ್ತಾದೀತು. ಫೇಲಾಗುವ ಭಯವಿದ್ದರೆ ತರಬೇತಿ ಶುಲ್ಕ ಕಟ್ಟುವ ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಿರಿ. ಹೊಲ ಅಡವಿಟ್ಟ ಮೇಲೆ ತಿಳಿದು ಪ್ರಯೋಜನವೇನು? ‘ತಾತ್ಕಾಲಿಕ ಅನರ್ಹ’ ಎಂದು ಬಂದರೆ ಅದು ಕೊನೆಯಲ್ಲ, ಮರುಪರೀಕ್ಷೆಗೆ ಅವಕಾಶವಿದೆ.

2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಪೈಲಟ್ಟೇ ಫ್ರಾನ್ಸಿನ ಬೆಟ್ಟಕ್ಕೆ ಅಪ್ಪಳಿಸಿದ. 150 ಜನ ಸತ್ತರು. ಮಾನಸಿಕ ಕಾಯಿಲೆಯನ್ನೂ, ಕೆಲಸಕ್ಕೆ ಹೋಗಬೇಡವೆಂಬ ವೈದ್ಯರ ಚೀಟಿಯನ್ನೂ ಆತ ಕಂಪನಿಯಿಂದ ಬಚ್ಚಿಟ್ಟಿದ್ದ. ಖಿನ್ನತೆಗೆ ಗುಳಿಗೆ ನುಂಗುವವರೆಲ್ಲ ಅಪಾಯಕಾರಿಗಳೆಂದು ಇದರ ಅರ್ಥವಲ್ಲ. ಅಮೆರಿಕದಲ್ಲಿ 2010ರಿಂದ ಅಂಥ ಕೆಲವು ಗುಳಿಗೆ ನುಂಗುವ ಪೈಲಟ್‌ಗಳಿಗೂ ತಪಾಸಣೆಯ ನಂತರ ಹಾರಲು ಅನುಮತಿ ಸಿಗುತ್ತದೆ. ಹೇಳಿದವನಿಗೆ ದಾರಿಯುಂಟು. ಹಿಂದೆ ಕುಳಿತ ಪ್ರಯಾಣಿಕರು ಪೈಲಟ್ಟಿನ ಕೈಯಲ್ಲಿಟ್ಟ ಅಮಾನತ್ ಅಲ್ಲವೇ?

ಪರೀಕ್ಷೆಗೆ ಹೋಗುವಾಗ ಗುಳಿಗೆಯ ಹೆಸರು, ಪ್ರಮಾಣ, ಎಂದಿನಿಂದ, ಯಾವ ಕಾಯಿಲೆಗೆ ಎಂದು ಬರೆದುಕೊಳ್ಳಿ. ವೈದ್ಯರ ಚೀಟಿ ಜೊತೆಗಿಡಿ. ಹಕೀಮರ ಮಾಜೂನ್, ಅರ್ಕ್‌ಗಳನ್ನೂ ಬಿಡಬೇಡಿ, ಅದರಲ್ಲೇನಿದೆ ಎಂದು ಅವರಿಂದಲೇ ಬರೆಸಿರಿ. ಚೀಟಿ ಉರ್ದುವಿನಲ್ಲಿದ್ದರೆ ಭಾನುವಾರ ನನ್ನ ಹತ್ತಿರ ತನ್ನಿ, ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ.