ಹೊಸ ಸೇತುವೆಗೆ ಹಿರಿಯ ನಾಯಕರ ಹೆಸರು: ಗ್ರಾಮಸಭೆ ಕೇಳಬೇಕಾದ ಪ್ರಶ್ನೆಗಳು

(ಮೂರ್ನಾಡು ಭಾಗದ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಮಳೆಗಾಲದಲ್ಲಿ ಕಾವೇರಿ ಉಕ್ಕಿದಾಗ ಬೇತ್ರಿಯಲ್ಲಿ ನೀರೆಷ್ಟು, ಬಲಮುರಿಯಲ್ಲಿ ನೀರೆಷ್ಟು ಎಂದು ಜಿಲ್ಲೆಯ ಜನರೆಲ್ಲ ವಿಚಾರಿಸುತ್ತಾರೆ. ಸೇತುವೆ ಮುಳುಗಿದರೆ ಶಾಲೆ, ಆಸ್ಪತ್ರೆ, ಸಂತೆ ಮೂರೂ ಒಮ್ಮೆಗೇ ದೂರವಾಗುತ್ತವೆ. 2018 ಮತ್ತು 2019ರ ಆಗಸ್ಟ್ ತಿಂಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ತಗ್ಗಾದ ಹಳೆಯ ಸೇತುವೆಗಳ ಬದಲಿಗೆ ಎತ್ತರದ ಹೊಸ ಸೇತುವೆಗಳು ಬೇಕೆಂಬ ಬೇಡಿಕೆ ನ್ಯಾಯವಾದದ್ದು. ಹೊಸ ಸೇತುವೆ ಬಂದ ಕೂಡಲೇ ಅದಕ್ಕೆ ಯಾರ ಹೆಸರು ಎಂಬ ಪ್ರಶ್ನೆಯೂ ಬರುತ್ತದೆ. ನನ್ನ ಮಾತನ್ನು ಆ ಪ್ರಶ್ನೆಗಷ್ಟೇ ಸೀಮಿತಗೊಳಿಸುತ್ತೇನೆ.

ಅಗಲಿದ ನಾಯಕರೊಬ್ಬರ ಹೆಸರನ್ನು ಸೇತುವೆಗೆ ಇಡುವುದು ತಪ್ಪಲ್ಲ. ಆದರೆ ಆ ಹೆಸರು ಸ್ಥಳದ ಹೆಸರನ್ನು ಅಳಿಸಬಾರದು. ಅದು ಉದ್ಘಾಟನೆಯ ವೇದಿಕೆಯಿಂದ ಇಳಿದು ಬರದೆ ಗ್ರಾಮಸಭೆಯಿಂದ ಏರಿ ಬರಬೇಕು. ನಾನು ಹೇಳಬೇಕಾದುದರ ಸಾರ ಇಷ್ಟೇ, ಕಾರಣಗಳನ್ನು ಮುಂದಿಡುತ್ತೇನೆ.

ಮೊದಲನೆಯದು ಸ್ಥಳನಾಮ. ಮೂರ್ನಾಡು ಎಂಬ ಹೆಸರಿನಲ್ಲೇ ಕೊಡಗಿನ ಹಳೆಯ ನಾಡುಗಳ ವ್ಯವಸ್ಥೆಯ ನೆನಪಿದೆ. ಬಲಮುರಿ ಎಂಬ ಹೆಸರಿನಲ್ಲಿ ನದಿ ಬಲಕ್ಕೆ ತಿರುಗಿದ ಕಥೆಯಿದೆ. ಕೊಡವ ಮಹಿಳೆಯರ ಸೀರೆಯ ನೆರಿಗೆ ಹಿಂದಕ್ಕೆ ಸರಿದ ಐತಿಹ್ಯವನ್ನೂ ಹಿರಿಯರು ಅದೇ ಸ್ಥಳಕ್ಕೆ ಸೇರಿಸಿ ಹೇಳುತ್ತಾರೆ. ಹಳೆಯ ಸೇತುವೆಯ ಕಲ್ಲು ಕಂಬಗಳನ್ನು ಬದಲಿಸಬಹುದು. ಸೇತುವೆಯೊಡನೆ ಸ್ಥಳದ ಹೆಸರನ್ನೂ ಬದಲಿಸಬೇಕೆಂದೇನಿಲ್ಲ.

ಎರಡನೆಯದು, ಅಧಿಕಾರ ಕೊಟ್ಟ ಹೆಸರಿನ ಆಯುಷ್ಯ. ಬ್ರಿಟಿಷ್ ಅಧಿಕಾರಿ ಫ್ರೇಸರ್ ಅವರ ಹೆಸರಿನಲ್ಲಿ ಫ್ರೇಸರ್‌ಪೇಟೆ ಎಂದು ದಾಖಲೆಗಳಲ್ಲಿ ಕರೆದ ಊರನ್ನು ಇಂದು ನಾವು ಕುಶಾಲನಗರವೆನ್ನುತ್ತೇವೆ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಇದೇ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಅದಕ್ಕೆ ಸಂದದ್ದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಕಟ್ಟಿಸಿದವರೊಬ್ಬರು, ಹೆಸರು ಪಡೆದವರು ಮತ್ತೊಬ್ಬರು. ಆ ದಿನ ಅಧಿಕಾರದಲ್ಲಿರುವವರನ್ನು ಮೆಚ್ಚಿಸಲು ಹೆಸರಿಡುವ ವಾಡಿಕೆ ನಮ್ಮ ಕಾಲದ್ದಲ್ಲ, ಬಹಳ ಹಳೆಯದು.

ಹಾಗಾದರೆ ಯಾವ ನಾಯಕರು ಈ ಗೌರವಕ್ಕೆ ಅರ್ಹರು? ನಮ್ಮ ಜಿಲ್ಲೆಯ ಚರಿತ್ರೆಯಿಂದಲೇ ಒಂದು ಉದಾಹರಣೆ ನೋಡೋಣ. 1950ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಅದರ ವಿಧಾನಸಭೆಯ ಸದಸ್ಯಬಲ 24. ಮುಖ್ಯಮಂತ್ರಿ ಚೆಪ್ಪುಡಿರ ಎಂ. ಪೂಣಚ್ಚ ಮತ್ತು ಸಚಿವ ಕುಟ್ಟೂರು ಮಲ್ಲಪ್ಪ, ಈ ಇಬ್ಬರದೇ ಮಂತ್ರಿಮಂಡಲ. ಪೂಣಚ್ಚನವರು ಸಂವಿಧಾನ ರಚನಾ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದವರು. ಮುಂದೆ ಕೇಂದ್ರದ ರೈಲ್ವೆ ಸಚಿವರೂ ರಾಜ್ಯಪಾಲರೂ ಆದರು. ಅವರು ವಿಶಾಲ ಕರ್ನಾಟಕದೊಡನೆ ವಿಲೀನದ ಪರವಾಗಿದ್ದರು. ಕೊಡಗಿನ ಗಾಂಧಿ ಎಂದು ಜನ ಕರೆದ ಪಂದ್ಯಂಡ ಬೆಳ್ಯಪ್ಪನವರು ತಕ್ಕಡಿ ಪಕ್ಷದ ಮೂಲಕ ವಿಲೀನವನ್ನು ವಿರೋಧಿಸಿದರು. 1952ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 15 ಸ್ಥಾನ, ಎದುರಾಳಿಗಳಿಗೆ 9 ಸ್ಥಾನ ಬಂದವು. ಇಬ್ಬರೂ ಸ್ವಾತಂತ್ರ್ಯ ಹೋರಾಟದಲ್ಲಿ ಬೆಳೆದವರು. ಇಬ್ಬರೂ ಕೊಡಗಿನ ಹಿತವನ್ನೇ ಬಯಸಿದವರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಆ ಚರ್ಚೆಯ ನೆನಪು ಇಂದಿಗೂ ಮನೆಮನೆಗಳಲ್ಲಿದೆ.

ಈಗ ಯೋಚಿಸಿ. ಸೇತುವೆಯೊಂದಕ್ಕೆ ಪೂಣಚ್ಚನವರ ಹೆಸರು ಸೂಚಿತವಾದರೆ ಬೆಳ್ಯಪ್ಪನವರನ್ನು ನೆನೆಯುವವರು ಏಕೆ ಎಂದು ಕೇಳಬಹುದು. ಬೆಳ್ಯಪ್ಪನವರ ಹೆಸರು ಸೂಚಿತವಾದರೆ ಇನ್ನೊಂದು ಕಡೆಯವರು ಕೇಳಬಹುದು. ಆ ಪ್ರಶ್ನೆಗೆ ಹೆದರಿ ನಿರ್ಣಯವನ್ನು ತರಾತುರಿಯಲ್ಲಿ ಮುಗಿಸುವುದು ಹೆಸರಿಗೂ ಗೌರವವಲ್ಲ, ಊರಿಗೂ ಒಳಿತಲ್ಲ. ಪ್ರಶ್ನೆ ಗ್ರಾಮಸಭೆಯಲ್ಲಿ ಬರಲಿ. ಇಬ್ಬರ ಕೆಲಸವನ್ನೂ ಓದಿ ಹೇಳಿದ ಮೇಲೆ ಒಬ್ಬರ ಹೆಸರು ನಿಂತರೆ, ಅದನ್ನು ಒಪ್ಪದವರೂ ಸಹಿಸುತ್ತಾರೆ. ಯಾರನ್ನೂ ಕೇಳದೆ ಬಂದ ಹೆಸರನ್ನು ಒಪ್ಪಬಹುದಾಗಿದ್ದವರೂ ಸಹಿಸುವುದಿಲ್ಲ.

ಇನ್ನು ಕಾರ್ಯವಿಧಾನಕ್ಕೆ ಬರುತ್ತೇನೆ.

ಒಂದು: ಜೀವಂತವಿರುವವರ ಹೆಸರನ್ನು ಸೂಚಿಸದಿರುವುದು ಲೇಸು. 2022ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಹೆಸರಿಡುವುದಾಗಿ ಪ್ರಕಟವಾದಾಗ ಅವರೇ ಬೇಡವೆಂದರು. ಇಂದು ಆ ನಿಲ್ದಾಣಕ್ಕಿರುವುದು ರಾಷ್ಟ್ರಕವಿ ಕುವೆಂಪು ಅವರ ಹೆಸರು.

ಎರಡು: ಸೇತುವೆ ಯಾರ ಸ್ವತ್ತು ಎಂಬುದನ್ನು ಮೊದಲು ತಿಳಿಯಿರಿ. ಅದು ಲೋಕೋಪಯೋಗಿ ಇಲಾಖೆಯ ರಸ್ತೆಯಲ್ಲಿದ್ದರೆ ನಿಮ್ಮ ನಿರ್ಣಯ ಶಿಫಾರಸು ಮಾತ್ರ. ಸರ್ಕಾರದ ಆದೇಶ ಬರುವ ಮುನ್ನ ಫಲಕ ನಿಲ್ಲಿಸಬಾರದು.

ಮೂರು: ಸೇತುವೆಯನ್ನು ಬಳಸುವ ಎರಡೂ ದಡದ ಗ್ರಾಮಸಭೆಗಳ ಅಭಿಪ್ರಾಯ ಪಡೆಯಿರಿ. ವಿಷಯವನ್ನು ಸಭೆಯ ಸೂಚನಾಪತ್ರದಲ್ಲಿ ಮೊದಲೇ ನಮೂದಿಸಿ; ಬಂದ ಆಕ್ಷೇಪಗಳನ್ನು ನಡವಳಿಯಲ್ಲಿ ಬರೆಯಿರಿ. ತೋಟದ ಲೈನುಮನೆಗಳಲ್ಲಿರುವ ಕಾರ್ಮಿಕರೂ ಹಾಡಿಯ ಜನರೂ ಆ ಸೇತುವೆಯ ಮೇಲೆಯೇ ನಡೆಯುತ್ತಾರೆ. ಅವರನ್ನು ಸಭೆಗೆ ಕರೆಯಿರಿ.

ನಾಲ್ಕು: ಹೆಸರಿನೊಡನೆ ಪ್ರತಿಮೆಯ ಬೇಡಿಕೆ ಬಂದರೆ ಎಚ್ಚರಿಕೆ ವಹಿಸಿ. ಸಾರ್ವಜನಿಕ ರಸ್ತೆ ಮತ್ತು ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ನೀಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿದೆ.

ಐದು: ಫಲಕದಲ್ಲಿ ಸ್ಥಳದ ಹೆಸರೂ ಇರಲಿ, ನಾಯಕರ ಹೆಸರೂ ಇರಲಿ. ಅವರು ಮಾಡಿದ ಕೆಲಸ ಎರಡು ಸಾಲಿನಲ್ಲಿರಲಿ. ಹಳೆಯ ಸೇತುವೆ ಎಲ್ಲಿತ್ತು ಎಂಬುದನ್ನೂ, ಪ್ರವಾಹದ ನೀರು ಏರಿದ್ದ ಮಟ್ಟವನ್ನೂ ಗುರುತಿಸಿ. ನಾಯಕರನ್ನು ಅರಿಯದ ಮಗು ಅದನ್ನು ಓದಿ ತಿಳಿಯಲಿ. ನದಿಯನ್ನು ಅರಿಯದ ಪ್ರವಾಸಿ ಅದನ್ನು ಓದಿ ಎಚ್ಚರಗೊಳ್ಳಲಿ.

ಬಂಧುಗಳೇ, ಹೆಸರಿಟ್ಟ ದಿನವೇ ಗೌರವ ಪೂರ್ಣವಾಗುವುದಿಲ್ಲ. ಹಿರಿಯರೊಬ್ಬರ ಹೆಸರು ಹೊತ್ತ ಸೇತುವೆಯ ಕೈಪಿಡಿ ಮುರಿದು ನೇತಾಡಿದರೆ, ಕಂಬಕ್ಕೆ ಸಿಲುಕಿದ ಮರದ ದಿಮ್ಮಿಗಳನ್ನು ಯಾರೂ ತೆರವು ಮಾಡಿಸದಿದ್ದರೆ, ಕೆಳಗಿನ ನದಿಗೆ ಕಸ ಸುರಿಯುತ್ತಿದ್ದರೆ, ಅವಮಾನವಾಗುವುದು ಆ ಹೆಸರಿಗೇ. ಆದುದರಿಂದ ನಾಮಕರಣದ ನಿರ್ಣಯದ ಜೊತೆಗೆ, ಪ್ರತಿ ವರ್ಷ ಮುಂಗಾರಿಗೆ ಮುನ್ನ ಸೇತುವೆಯ ಪರಿಶೀಲನೆ ನಡೆಸುವಂತೆ ಇಲಾಖೆಯನ್ನು ಕೋರುವ ಇನ್ನೊಂದು ನಿರ್ಣಯವನ್ನೂ ಅದೇ ಸಭೆಯಲ್ಲಿ ಅಂಗೀಕರಿಸಬೇಕೆಂದು ವಿನಂತಿಸುತ್ತೇನೆ.